ಪೈಲಟ್ ವಾಚ್ ಅಂತ ಮಾರೋದ್ರಾಗ ಖರೇದ್ದು ಯಾವ್ದು? ಎಚ್‌ಎಂಟಿ ಪೈಲಟ್, ಯುದ್ಧಕಾಲದ ವಾಚ್, ರೇಡಿಯಂ ಡಯಲ್

ಗುಮ್ಮಟದೂರು, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಸೈನಿಕ ಶಾಲೆ ಮುಗಿಸಿ ಎನ್‌ಡಿಎಗೆ ಹೊಂಟ ಹುಡುಗನ ಕೈಗೆ ಒಂದು ವಾಚ್ ಕಟ್ಟಬೇಕಂತ ನೋಡಾಕತ್ತೀವಿ. ಅವನಿಗೆ ವಿಮಾನ ಅಂದ್ರ ಜೀವ, ಅದಕ್ಕ ಪೈಲಟ್ ವಾಚೇ ಆಗಬೇಕು. ಆನ್‌ಲೈನ್‌ನ್ಯಾಗ ಮೂರು ಕಂಡಾವ.

ಮೊದಲನೇದು ಚಾವಿ ಕೊಡೋ ಎಚ್‌ಎಂಟಿ ಪೈಲಟ್. ಕರೀ ಡಯಲ್, ಹಿಂದಿನ ಮುಚ್ಚಳದ ಮ್ಯಾಲ "ಇಂಡಿಯನ್ ಏರ್ ಫೋರ್ಸ್" ಅಂತ ಕೊರದಾರ. "ಸಾಂಬ್ರಾ ಸ್ಟೋರಿಂದ ಬಂದದ್ದು, ಪೈಲಟ್‌ಗಳಿಗೆ ಕೊಟ್ಟಿದ್ದು" ಅಂತಾನ ಮಾರಾವ. ಎರಡನೇದು ಎರಡನೇ ಮಹಾಯುದ್ಧದ ಅಮೆರಿಕದ ವಾಚ್, ಮುಳ್ಳಿನ ಮ್ಯಾಲ ಕಂದು ಬಣ್ಣದ ರೇಡಿಯಂ ಅದ. ಮೂರನೇದು ಹೊಸಾ ಕ್ವಾರ್ಟ್ಜ್ (ಸೆಲ್ ಮ್ಯಾಲ ಓಡೋದು), 46 ಮಿ.ಮೀ. ಅಗಲ, ಸುತ್ತ ತಿರುಗೋ ರಿಂಗು, ರಿಂಗಿನ ತುಂಬ ಅಂಕಿ.

ಪೈಲಟ್ ವಾಚ್ ಅಂದ್ರ ನಿಜವಾಗಿ ಏನಿರಬೇಕು? ಮೊದಲನೇದು ಅಸಲಿ ಹೌದೋ ಅಲ್ಲೋ ಹೆಂಗ ಗುರುತಿಸೋದು? ರೇಡಿಯಂ ಇದ್ದದ್ದನ್ನ ದಿನಾ ಕಟ್ಟಬಹುದಾ? ನಮ್ಮ ಕಡಿ ಬಿಸಿಲು, ಧೂಳು ನಿಮಗ ಗೊತ್ತೇ ಅದ. ತಿಳದವರು ಹೇಳ್ರಿ.

ಸೆಕೆಂಡ್ ಮುಳ್ಳು, ಬೆಳಗಾವಿ

ಮೊದಲು ಆ ಸಾಂಬ್ರಾ ಮಾತು ಬಿಟ್ಟುಬಿಡ್ರಿ. ನಮ್ಮ ಬೆಳಗಾವಿ ಹತ್ತಿರದ ಸಾಂಬ್ರಾದಾಗ ಇರೋದು ವಾಯುಸೇನೆಯ ಏರ್‌ಮನ್ ಟ್ರೇನಿಂಗ್ ಸ್ಕೂಲ್. ಅಲ್ಲಿ ತಯಾರಾಗೋರು ಏರ್‌ಮನ್‌ಗಳು, ಪೈಲಟ್‌ಗಳಲ್ಲ. ಹಾರೋದು ಕಲಿಸೋ ಜಾಗ ಬ್ಯಾರೆ: ಹೈದರಾಬಾದ್ ಹತ್ತಿರದ ದುಂಡಿಗಲ್, ನಮ್ಮ ರಾಜ್ಯದಾಗ ಬೀದರ್. ಇನ್ನ ಎಚ್‌ಎಂಟಿ ಪೈಲಟ್ ಅನ್ನೋದು ಮಾಡೆಲ್ ಹೆಸರು. ಜನತಾ, ಸೋನಾ ಹೆಂಗೋ ಹಂಗ ಅಂಗಡಿಯೊಳಗ ಎಲ್ಲಾರಿಗೂ ಮಾರಿದ ವಾಚು. ಒಳ್ಳೇ ವಾಚೇ ಅದ, ನನಗ ಅದರ ಮ್ಯಾಲ ಭಾಳ ಪ್ರೀತಿ. ಆದ್ರ ಕೊರದ ಅಕ್ಷರಕ್ಕಂತ ಒಂದು ರೂಪಾಯಿನೂ ಜಾಸ್ತಿ ಕೊಡಬ್ಯಾಡ್ರಿ. ಅಕ್ಷರ ಕೊರಿಯೋ ಮಷೀನ್ ಯಾವ ಟ್ರೋಫಿ ಅಂಗಡಿಯಾಗೂ ಸಿಗ್ತದ.

ಈಗ ಪೈಲಟ್ ವಾಚ್ ಅಂದ್ರ ಏನು ಅನ್ನೋದು. ಚಂದ ನೋಡಿ ಅಳೀಬಾರದು, ಅದರಿಂದ ಏನು ಕೆಲಸ ತೊಗೋತಿದ್ರು ಅನ್ನೋದು ನೋಡಬೇಕು. ಜಿಪಿಎಸ್ ಇಲ್ಲದ ಕಾಲದಾಗ ದಿಕ್ಕು, ವೇಗ, ಸಮಯ ಈ ಮೂರರ ಮ್ಯಾಲೇ ದಾರಿ ಹಿಡಿಯೋದು. ವಿಮಾನ 480 ನಾಟ್, ಅಂದ್ರ ತಾಸಿಗೆ 480 ನಾಟಿಕಲ್ ಮೈಲಿ ವೇಗದಾಗ ಹೊಂಟದ ಅನ್ರಿ. ನಿಮಿಷಕ್ಕ 8 ನಾಟಿಕಲ್ ಮೈಲಿ ಆತು, ಸೆಕೆಂಡಿಗೆ ಹೆಚ್ಚುಕಡಿಮಿ 247 ಮೀಟರ್. ವಾಚು 5 ಸೆಕೆಂಡ್ ತಪ್ಪಿತ್ತಂದ್ರ 1.2 ಕಿ.ಮೀ. ಆಚೆ ಇರ್ತೀರಿ. ತಿರುಗಬೇಕಾದ ಹೊಳಿ, ಸೇತುವೆ ಹಿಂದ ಹೋಗಿರ್ತದ. ನಾಲ್ಕು ವಿಮಾನ ಬ್ಯಾರೆ ಬ್ಯಾರೆ ದಿಕ್ಕಿನಿಂದ ಒಂದೇ ಹೊತ್ತಿಗೆ ಒಂದೇ ಜಾಗಕ್ಕ ಬರಬೇಕಂದ್ರಂತೂ ನಾಲ್ಕೂ ವಾಚಿನ ಸೆಕೆಂಡ್ ಮುಳ್ಳು ಕೂಡಿರಬೇಕು.

ಅದಕ್ಕೇ ಮೊದಲನೇ ಲಕ್ಷಣ ಹ್ಯಾಕ್. ಕಿರೀಟ, ಅಂದ್ರ ಚಾವಿ ಕೊಡೋ ಗುಂಡಿ, ಹೊರಗ ಎಳದ್ರ ಸೆಕೆಂಡ್ ಮುಳ್ಳು ಅಲ್ಲೇ ನಿಲ್ಲಬೇಕು. ಮಾಡೋ ರೀತಿ ಹಿಂಗ: ಸೆಕೆಂಡ್ ಮುಳ್ಳು 12ಕ್ಕ ಬಂದ ಕೂಡ್ಲೆ ಕಿರೀಟ ಎಳೀರಿ. ನಿಮಿಷದ ಮುಳ್ಳನ್ನ ಮುಂದ ಬರೋ ನಿಮಿಷದ ಗೆರಿ ಮ್ಯಾಲ ಕರೆಕ್ಟ್ ಕೂಡಿಸ್ರಿ. ಕೂಡಿಸೋವಾಗ ಗೆರಿ ದಾಟಿ ಹೋಗಿ ಹಿಂದ ತಂದು ಅಲ್ಲೇ ಬಿಡಬ್ಯಾಡ್ರಿ. ಗೇರಿನ ಹಲ್ಲಿನ ನಡುವಿನ ಸಡಲು ಉಳೀತದ, ವಾಚ್ ಚಾಲೂ ಆದ ಮ್ಯಾಲ ನಿಮಿಷದ ಮುಳ್ಳು ಅರ್ಧ ನಿಮಿಷ ಅಲ್ಲೇ ನಿಂತಂಗ ಆಗ್ತದ. ಹಿಂದ ತಂದಿದ್ರ ಇನ್ನೊಂಚೂರು ಹಿಂದ ಸರಿಸಿ, ಮುಂದ ತರ್ತಾ ಗೆರಿಗೆ ನಿಲ್ಲಿಸ್ರಿ. ಲೀಡರ್ "ಮೂರು, ಎರಡು, ಒಂದು, ಹ್ಯಾಕ್" ಅಂದ ಕೂಡ್ಲೆ ಕಿರೀಟ ಒತ್ತೋದು. ಸಾಮಾನ್ಯ ಎಚ್‌ಎಂಟಿ ಪೈಲಟ್‌ನ್ಯಾಗ ಈ ಹ್ಯಾಕ್ ಇರಂಗಿಲ್ಲ. ಹೆಸರಿಗೂ ಕೆಲಸಕ್ಕೂ ಇರೋ ಅಂತರ ಇಲ್ಲೇ ತಿಳೀತದ.

ಉಳಿದ ಲಕ್ಷಣ ಎಲ್ಲಾ ಹಳೇ ಸೈನ್ಯದ ವಾಚಿನ್ಯಾಗ ಕಾಣ್ತಾವ. ಜರ್ಮನ್ ವಾಯುಸೇನೆಯ ಬಿ-ಊರ್ ಅನ್ನೋ ವಾಚು 55 ಮಿ.ಮೀ. ಅಗಲ; ಅದರಾಗ ಐಡಬ್ಲ್ಯುಸಿ ಮಾಡಿದ್ದು 183 ಗ್ರಾಂ ತೂಕ. ಲಾಂಗೆ, ಐಡಬ್ಲ್ಯುಸಿ, ಲಾಕೊ, ಸ್ಟೋವಾ, ವೆಂಪೆ ಈ ಐದು ಕಂಪನಿ ಮಾಡ್ಯಾವ. ಜಾಕೆಟ್ಟಿನ ತೋಳಿನ ಮ್ಯಾಲ ಕಟ್ಟೋದು, ಅದಕ್ಕ ಬೆಲ್ಟ್ ಅಷ್ಟು ಉದ್ದ. ಚಳಿಗೆ ಗ್ಲೋವ್ಸ್ ಹಾಕಿದ ಕೈಯಿಂದ ತಿರುವಾಕ ದೊಡ್ಡ ಕಿರೀಟ. 12ರ ಜಾಗದಾಗ ತ್ರಿಕೋನ, ಅದರ ಎಡಬಲಕ್ಕ ಎರಡು ಚುಕ್ಕಿ. ಕತ್ತಲದಾಗ ವಾಚು ಸೊಟ್ಟ ಹಿಡಿದ್ರೂ ಮ್ಯಾಲಿನ ಬದಿ ಯಾವ್ದು ಅಂತ ತಿಳೀಲಿ ಅಂತ. ಇವತ್ತು "ಪೈಲಟ್ ಡಯಲ್" ಅಂತ ಮಾರೋದೆಲ್ಲಾ ಇದರ ನಕಲು.

ಅಮೆರಿಕದ ಎ-11 ಇದಕ್ಕ ಪೂರಾ ಉಲ್ಟಾ: 32 ಮಿ.ಮೀ. ಸುಮಾರಿನ ಸಣ್ಣ ವಾಚು, ಕರೀ ಡಯಲ್, ನಡುವಿನಿಂದ ಹೊಂಟ ಸೆಕೆಂಡ್ ಮುಳ್ಳು, ಹ್ಯಾಕ್. ಎಲ್ಜಿನ್, ಬುಲೋವಾ, ವಾಲ್ಥಮ್ ಮಾಡಿದ್ವು. ನಿಮ್ಮ ಎರಡನೇದು ಇದೇ ಇರಬೇಕು. ದೊಡ್ಡದಿದ್ರೇನೇ ಪೈಲಟ್ ವಾಚ್ ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೇ ಉತ್ತರ ಇಲ್ಲ.

ನನ್ನ ಲೆಕ್ಕದಾಗ ಎಲ್ಲಾದಕ್ಕಿಂತ ಮ್ಯಾಲಿಂದು ಬ್ರಿಟಿಷರ ಮಾರ್ಕ್ 11. 1948ರ ಹೊತ್ತಿಗೆ ಅದರ ನಿಯಮ ಬರದ್ರು, ಐಡಬ್ಲ್ಯುಸಿ ಮತ್ತ ಜೇಜರ್-ಲಕುಲ್ಟ್ರ್ ಮಾಡಿಕೊಟ್ವು. 36 ಮಿ.ಮೀ. ಅಷ್ಟೇ. ಕಾಕ್‌ಪಿಟ್ಟಿನ ರಾಡಾರ್, ವಿದ್ಯುತ್ ಉಪಕರಣಗಳ ಕಾಂತಕ್ಷೇತ್ರ ಹೇರ್‌ಸ್ಪ್ರಿಂಗ್ (ವಾಚಿನ ಬಡಿತ ಹಿಡಿಯೋ ಕೂದಲಿನಂಥ ಸುರುಳಿ ಸ್ಪ್ರಿಂಗ್) ಕೆಡಸಬಾರದಂತ ಮಷೀನಿನ ಸುತ್ತ ಮೆತ್ತನೆ ಕಬ್ಬಿಣದ ಡಬ್ಬಿ. ಡಯಲ್ಲೇ ಆ ಡಬ್ಬಿಯ ಒಂದು ಮುಖ. ಮ್ಯಾಲ ಗಾಳಿಯ ಒತ್ತಡ ಒಮ್ಮೆಲೆ ಇಳಿದ್ರ ಗ್ಲಾಸ್ ಹಾರಬಾರದಂತ ಅದನ್ನ ಉಂಗುರದಿಂದ ಬಿಗದಿದ್ರು. 1981ರ ತನಕ ಬ್ರಿಟಿಷ್ ವಾಯುಸೇನೆ ಇದನ್ನ ಬಳಸ್ಯದ.

ಫ್ರೆಂಚರು 1950ರ ದಶಕದಾಗ ಟೈಪ್ 20 ಅಂತ ಸ್ಟಾಪ್‌ವಾಚ್ ಇರೋ ವಾಚ್ ತರಿಸಿದ್ರು. ಅದರ ವಿಶೇಷ ಫ್ಲೈಬ್ಯಾಕ್. ಸಾದಾ ಕ್ರೋನೋಗ್ರಾಫಿನ್ಯಾಗ ನಿಲ್ಲಿಸು, ಸೊನ್ನೆಗೆ ತಾ, ಚಾಲೂ ಮಾಡು ಅಂತ ಮೂರು ಸಲ ಒತ್ತಬೇಕು. ಇದರಾಗ ಒಂದೇ ಸಲ. ತಿರುವಿಗೊಂದು ಸಮಯ ಹಿಡಿಯೋರಿಗೆ ಆ ಎರಡು ಒತ್ತು ಉಳಿಯೋದೇ ದೊಡ್ಡದು. ದಿನಕ್ಕ 8 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, 35 ತಾಸು ಓಡಬೇಕು, ಫ್ಲೈಬ್ಯಾಕ್ 300 ಸಲ ಒತ್ತಿದ್ರೂ ಕೆಡಬಾರದು ಅಂತ ನಿಯಮ ಇತ್ತು. 1984ರ ಹೊತ್ತಿಗೆ ಬ್ರಿಟಿಷರೇ ಸೀಕೊ 7ಎ28 ಅನ್ನೋ ಕ್ವಾರ್ಟ್ಜ್ ಕ್ರೋನೋಗ್ರಾಫ್ ಕೊಡಾಕ ಹತ್ತಿದ್ರು. ಸೈನ್ಯ ಅಂದ್ರ ಚಾವಿ ವಾಚೇ ಅಂತೇನಿಲ್ಲ.

ಮೂರನೇದರ ರಿಂಗು ನಿಜವಾದ ಲೆಕ್ಕದ ಪಟ್ಟಿ ಹೌದೋ, ಬರೀ ಅಲಂಕಾರನೋ ಅಂತ ನೋಡಾಕ ಒಂದೇ ನಿಮಿಷ ಸಾಕು. ಹೊರಗಿನ 20ನ್ನ ಒಳಗಿನ 10ರ ಎದುರು ತರ್ರಿ. ಆಗ ಒಳಗಿನ 15ರ ಎದುರು 30, 30ರ ಎದುರು 60 ಬರಬೇಕು. ಬರಲಿಲ್ಲಂದ್ರ ಅದು ಚಿತ್ರ ಅಷ್ಟೇ. ಬಂತಂದ್ರ ಹೊರಗಿನ 48ನ್ನ ಒಳಗಿನ 60ರ ಎದುರು ಇಟ್ಟು ಒಳಗಿನ 15 ನೋಡ್ರಿ: ಎದುರು 12. ಸೊನ್ನೆ ನಾವೇ ಸೇರಿಸಿ ಓದಬೇಕು. ಅಂದ್ರ 480 ನಾಟ್ ವೇಗದಾಗ 15 ನಿಮಿಷಕ್ಕ 120 ನಾಟಿಕಲ್ ಮೈಲಿ.

ಬ್ಯಾಲೆನ್ಸ್ ವೀಲ್, ಬಾಗಲಕೋಟೆ

ಬೆಳಗಾವಿ ಸರ್ ಇತಿಹಾಸ ಚೊಲೋ ಹೇಳ್ಯಾರ. ನಾ ಎಚ್‌ಎಂಟಿ ಪೈಲಟ್ ತೊಗೊಳ್ಳೋವಾಗ ಏನು ನೋಡಬೇಕು, ತೊಗೊಂಡ ಮ್ಯಾಲ ರಿಪೇರಿಯವರ ಕಡಿಂದ ಏನು ಮಾಡಿಸಬೇಕು ಅನ್ನೋದು ಹೇಳ್ತೀನಿ.

ಬೆಂಗಳೂರಾಗ 1961ರಾಗ ಜಪಾನಿನ ಸಿಟಿಜನ್ ಕೂಡ ಸೇರಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರು ಆತು. 2016ರಾಗ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಾಕ ಒಪ್ಪಿಗಿ ಕೊಟ್ಟಿತು. ಹಿಂಗಾಗಿ ಈಗ "ಹೊಸಾ ಹಳೇ ಪೈಲಟ್" (ಬಳಸದ ಹಳೇ ಸ್ಟಾಕ್) ಅಂತ ಬರೋದ್ರಾಗ ಭಾಳಷ್ಟು ನಾಲ್ಕು ವಾಚಿನ ಭಾಗ ಕೂಡಿಸಿ ಮಾಡಿದ್ವು.

ಫೋಟೋದಾಗ ಮೊದಲು ಡಯಲ್ ದೊಡ್ಡದು ಮಾಡಿ ನೋಡ್ರಿ. ಎರಡನೇ ಸಲ ಬಣ್ಣ ಹೊಡದ ಡಯಲ್ ಆಗಿದ್ರ ಅಕ್ಷರದ ಅಂಚು ದಪ್ಪ, ಮಸಿ ಹರಡಿದಂಗ ಇರ್ತದ. ನಿಮಿಷದ ಗೆರಿಯೂ ಅಂಕಿಯೂ ಒಂದೇ ಸಾಲಿಗೆ ಬಂದಿರಂಗಿಲ್ಲ. ಹೊಳಿಯೋ ಚುಕ್ಕಿ ಉಬ್ಬಿ ಒಂದೊಂದು ಒಂದೊಂದು ಅಳತಿ ಇರ್ತಾವ. ಡಯಲ್ ಹೊಚ್ಚ ಹೊಸಾದು, ಕೇಸ್ ಮಾತ್ರ ಸವದು ಹೋಗೇದ ಅಂದ್ರೂ ಹಂಗೇ ಅಂತ ತಿಳೀರಿ. ಕೆಂಪು, ನೀಲಿ, ಕಿತ್ತಳಿ ಬಣ್ಣದ ಹೊಳಪಿನ ಪೈಲಟ್ ಡಯಲ್ ಕಂಡ್ರ ತೊಗೊಳ್ಳದ ಬಿಟ್ಟುಬಿಡ್ರಿ. ಕೇಸ್ ಸುಮಾರು 35 ಮಿ.ಮೀ., ಬೆಲ್ಟ್ 18 ಮಿ.ಮೀ. ಕೇಸ್ 40 ಮಿ.ಮೀ. ಅಂತ ಬರದಿತ್ತಂದ್ರ ಅದು ಬ್ಯಾರೆ ಕೇಸ್.

ಆಮ್ಯಾಲ ಮುಚ್ಚಳ ತಗದು ಮಷೀನಿನ ಫೋಟೋ ಕೇಳ್ರಿ. ಕೊಡಾಕ ಹಿಂಜರಿದ್ರ ವ್ಯವಹಾರ ಅಲ್ಲೇ ಬಿಡ್ರಿ. 17 ಕಲ್ಲಿನ (ವೀಲಿನ ತುದಿ ತಿರುಗಾಕ ಕೂಡಿಸಿದ ಮಾಣಿಕ್ಯದ ಬೇರಿಂಗ್) 0231 ಮಷೀನ್ ಇರಬೇಕು. ಸ್ಕ್ರೂ ತಲಿ ಹರದಿದ್ದು, ತುಕ್ಕು, ಸ್ಟೆಮ್ (ಕಿರೀಟದ ಕಡ್ಡಿ) ಇರೋ ಕಡಿ ಕೆಂಪು ಪುಡಿ, ಬ್ಯಾಲೆನ್ಸ್ (ಅತ್ತಿತ್ತ ತೂಗೋ ಚಕ್ರ) ಸುತ್ತ ಎಣ್ಣಿ ಹರದ ಕಲೆ, ಇವು ಕಂಡ್ರ ಬ್ಯಾಡ. "ಟೈಮ್ ಸರಿ ತೋರಸ್ತದ" ಅನ್ನೋ ಮಾತು ಸಾಕಾಗಂಗಿಲ್ಲ. ಟೈಮ್‌ಗ್ರಾಫರ್ (ವಾಚಿನ ಬಡಿತ ಅಳಿಯೋ ಯಂತ್ರ) ಮ್ಯಾಲ ಇಟ್ಟ ಫೋಟೋ ಇದ್ರ ಉತ್ತಮ. ತಾಸಿಗೆ 18,000 ಬಡಿತ. ಪೂರ್ತಿ ಚಾವಿ ಕೊಟ್ಟು ಡಯಲ್ ಮ್ಯಾಲ ಮಾಡಿ ಇಟ್ಟಾಗ ಬ್ಯಾಲೆನ್ಸಿನ ತೂಗು 270 ಡಿಗ್ರಿ ಆಸುಪಾಸು ಇದ್ರ ಆರೋಗ್ಯ ಚೊಲೋ. 220ಕ್ಕಿಂತ ಕೆಳಗಿದ್ರ ಸರ್ವಿಸ್ ಬೇಕು. ಬೀಟ್ ಎರರ್ (ಟಿಕ್, ಟಾಕ್ ನಡುವಿನ ಹೊತ್ತಿನ ಫರಕು) 1 ಮಿಲಿಸೆಕೆಂಡಿನ ಒಳಗ ಇರಲಿ.

ಸರ್ವಿಸ್ ಅಂದ್ರ ನಮ್ಮ ಕಡಿ ಭಾಳ ಮಂದಿ ಪೂರ್ತಿ ಮಷೀನ್ ಪೆಟ್ರೋಲ್‌ನ್ಯಾಗ ಅದ್ದಿ, ಗಾಳಿ ಹೊಡದು, ಎಲ್ಲಾ ಕಡಿ ಒಂದೇ ಎಣ್ಣಿ ಬಿಟ್ಟು ಕೊಡ್ತಾರ. ಒಂದು ತಿಂಗಳು ಛಲೋ ಓಡ್ತದ. ಅಂಟಿದ ಹಳೇ ಎಣ್ಣಿ ಪಿವಟ್ಟಿನ (ವೀಲಿನ ಅಕ್ಷದ ತುದಿ) ಬುಡದಾಗ ಹಂಗೇ ಇರ್ತದ, ಹೊಸಾ ಎಣ್ಣಿ ಅದರ ಕೂಡ ಕೂಡಿ ಅರೆಯೋ ಪುಡಿ ಆಗ್ತದ. ಅದಕ್ಕ ವಾಚ್ ಕೊಡೋವಾಗಲೇ ಇಷ್ಟು ಮಾತಾಡ್ರಿ:

ಬಿಚ್ಚೋಕಿಂತ ಮೊದಲು ಮೇನ್‌ಸ್ಪ್ರಿಂಗಿನ (ಚಾವಿ ಕೊಟ್ಟಾಗ ಸುತ್ತೋ ಸ್ಪ್ರಿಂಗ್) ಬಿಗಿ ಇಳಿಸಬೇಕು. ಕಿರೀಟ ಬೆರಳಾಗ ಹಿಡದು, ಕ್ಲಿಕ್ (ಸ್ಪ್ರಿಂಗ್ ಬಿಚ್ಚದಂಗ ತಡಿಯೋ ಕೊಕ್ಕಿ) ಸರಿಸಿ, ಮೆಲ್ಲಕ ತಿರುಗಾಕ ಬಿಡಬೇಕು. ಒಮ್ಮೆಲೆ ಬಿಟ್ರ ಹಲ್ಲು ಮುರೀತಾವ. ಪ್ರತಿ ವೀಲ್ ಬಿಚ್ಚಿ ತೊಳೀಬೇಕು, ಕಲ್ಲಿನ ತೂತು ಮರದ ಕಡ್ಡಿಯಿಂದ ಒರಸಬೇಕು. ಪ್ಯಾಲೆಟ್ ಫೋರ್ಕ್ (ಬ್ಯಾಲೆನ್ಸಿಗೆ ತಳ್ಳು ಕೊಡೋ ಕವಲು) ಮತ್ತ ಬ್ಯಾಲೆನ್ಸ್‌ನ ಸ್ಪಿರಿಟ್‌ನ್ಯಾಗ ನೆನಸಿ ಇಡಬಾರದು, ಕಲ್ಲು ಕೂಡಿಸಿದ ಅರಗು ಕರಗ್ತದ. ಎಣ್ಣಿ ಒಂದೇ ಥರ ನಡಿಯಂಗಿಲ್ಲ. ಜೋರು ತಿರುಗೋ ಸಣ್ಣ ಪಿವಟ್, ಬ್ಯಾಲೆನ್ಸ್ ಕಲ್ಲಿಗೆ ಮೋಬಿಯಸ್ 9010ರಂಥ ತೆಳು ಎಣ್ಣಿ. ಮೆಲ್ಲಕ ತಿರುಗೋ, ಭಾರ ಬೀಳೋ ಸೆಂಟರ್ ವೀಲ್, ಬ್ಯಾರೆಲ್ ಕಡಿ ಡಿ-5ರಂಥ ದಪ್ಪ ಎಣ್ಣಿ. ಪ್ಯಾಲೆಟ್ ಕಲ್ಲಿನ ಮುಖಕ್ಕ 9415. ಪ್ಯಾಲೆಟ್ ಫೋರ್ಕಿನ ಪಿವಟ್ ಒಣಗೇ ಇರಲಿ. ಹೇರ್‌ಸ್ಪ್ರಿಂಗಿಗೆ ಎಣ್ಣಿ ಸೋಕಿದ್ರ ಸುತ್ತು ಒಂದಕ್ಕೊಂದು ಅಂಟಿ ದಿನಕ್ಕ ಹತ್ತಾರು ನಿಮಿಷ ಮುಂದ ಓಡ್ತದ. ಕಲ್ಲಿನ ಬಟ್ಟಲದಾಗ ಎಣ್ಣಿ ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಸಾಕು. ತುಂಬಿಸಿದ್ರ ಅಲ್ಲಿ ನಿಲ್ಲದ ಹರದು ಹೋಗ್ತದ. ನಮ್ಮ ಕಡಿ ಏಪ್ರಿಲ್, ಮೇ ತಿಂಗಳ ಕಾವಿಗೆ ಎಣ್ಣಿ ಇನ್ನೂ ತೆಳು ಆಗಿ ಲಗೂ ಹರೀತದ. ಪ್ಯಾರಾಶಾಕ್ (ಬ್ಯಾಲೆನ್ಸಿಗೆ ಪೆಟ್ಟು ತಡಿಯೋ ಏರ್ಪಾಡು) ಕಲ್ಲಿನ ಸ್ಪ್ರಿಂಗ್ ಸಣ್ಣದು, ಹಾರಿದ್ರ ಸಿಗಂಗಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗ ಕೈ ಇಟ್ಟು ತಗೀಬೇಕು.

ಎಲ್ಲಾ ಆದ ಮ್ಯಾಲೂ ಒಂದು ತೊಂದರಿ ಭಾಳ ಕಾಡ್ತದ. ಟೈಮ್‌ಗ್ರಾಫರ್ ಮ್ಯಾಲ ಮಷೀನ್ ಸರಿ, ಕೈಯಾಗ ಕಟ್ಟಿದ್ರ ತಾಸಿಗೆ ಐದು ಹತ್ತು ನಿಮಿಷ ಹಿಂದ. ಮುಳ್ಳು ತಿರುವಿ ನೋಡ್ರಿ, ಬೆಣ್ಣಿಯಂಗ ಹಗೂರ ತಿರುಗಿದ್ರ ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂಡೋ ಗೇರು) ಸಡಲು ಆಗೇದ. ಮಷೀನ್ ಓಡ್ತದ, ಮುಳ್ಳು ಅದರ ಕೂಡ ಬರಂಗಿಲ್ಲ. ಬ್ಯಾಲೆನ್ಸ್ ಮುಟ್ಟೋದು ಬ್ಯಾಡ, ಆ ಪಿನಿಯನ್ ಬಿಗಿ ಮಾಡಿಸಿದ್ರ ಮುಗೀತು. ಇದು ತಿಳೀದ ರೆಗ್ಯುಲೇಟರ್ ಕಡ್ಡಿ (ವೇಗ ಹೆಚ್ಚುಕಡಿಮಿ ಮಾಡೋದು) ಅತ್ತಿತ್ತ ಸರಿಸಿ ಹಾಳು ಮಾಡಿದ ವಾಚು ಎಷ್ಟೋ.

ಡಯಲ್ ಒರಸಬ್ಯಾಡ್ರಿ ಅಂತನೂ ಹೇಳ್ರಿ. ಹೊಳಿಯೋ ಬಣ್ಣ ಉದುರಿ ಮಷೀನಿಗೆ ಬೀಳ್ತದ. ಗ್ಲಾಸ್ ಅಕ್ರಿಲಿಕ್, ಗೀರು ಬಿದ್ರ ಬ್ರಾಸೋ ಹಚ್ಚಿ ಮೆತ್ತನೆ ಬಟ್ಟಿಯಿಂದ ಉಜ್ಜಿದ್ರ ಹೋಗ್ತದ. ಇಷ್ಟು ಮಾಡಿಸಿದ ಪೈಲಟ್ ದಿನಕ್ಕ 20–30 ಸೆಕೆಂಡ್ ಹಿಂದಮುಂದ ಇದ್ರ ತೃಪ್ತಿ ಪಡ್ರಿ. ಮುಂಜಾನೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿ ಚಾವಿ ಕೊಡಬೇಕು. ಕೈಯಾಗ ಇದ್ದಾಗ ಕೊಟ್ರ ಸ್ಟೆಮ್ ಸೊಟ್ಟ ಎಳೀತದ. ನೀರಿಗೆ ಮಾತ್ರ ಒಯ್ಯಬ್ಯಾಡ್ರಿ.

ಗುಮ್ಮಟದೂರು, ವಿಜಯಪುರ

ಇಬ್ಬರಿಗೂ ಶರಣು. ಮಾರಾವನ ಕಡಿಂದ ಮಷೀನಿನ ಫೋಟೋ ಕೇಳಿದ್ರ "ಸೀಲ್ ಅದ, ಬಿಚ್ಚಂಗಿಲ್ಲ" ಅಂದ. ಅದು ಬಿಟ್ವಿ. ರೇಡಿಯಂ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದ್ದು ಕತ್ತಲದಾಗ ಹೊಳಿಯಂಗಿಲ್ಲ ಅಂತಾನ, ಹಂಗಾದ್ರ ರೇಡಿಯಂ ತೀರಿರ್ತದಲ್ಲ? ಮತ್ತ ಫೋನಿನ ಹತ್ತಿರ ಇಟ್ರ ವಾಚ್ ಕೆಡ್ತದಂತ, ಅದು ಖರೇನಾ?

ಕತ್ತಲೆ ಡಯಲ್, ಬೆಳಗಾವಿ

ತೀರಿರುವುದಿಲ್ಲ, ಇದೇ ಎಲ್ಲರೂ ತಪ್ಪು ತಿಳಿಯುವ ಜಾಗ. ನಮ್ಮ ಭಾಗದಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಅಂತಲೇ ಹೆಸರು. ಗಾಡಿಯ ನಂಬರ್ ಪ್ಲೇಟಿನ ಸ್ಟಿಕರೂ ರೇಡಿಯಂ, ಗೋಡೆಗೆ ಅಂಟಿಸುವ ನಕ್ಷತ್ರವೂ ರೇಡಿಯಂ. ಅವುಗಳಲ್ಲಿ ರೇಡಿಯಂ ಇಲ್ಲ. ಎರಡನೇ ಮಹಾಯುದ್ಧದ ವಾಚಿನಲ್ಲಿ ನಿಜವಾಗಿಯೂ ಇದೆ.

ಆ ಬಣ್ಣದಲ್ಲಿ ಎರಡು ವಸ್ತು ಇರುತ್ತವೆ. ರೇಡಿಯಂ ಕಿರಣ ಸೂಸುತ್ತದೆ, ಸತುವಿನ ಸಲ್ಫೈಡ್ ಅದನ್ನು ಹೀರಿ ಬೆಳಗುತ್ತದೆ. ಕಿರಣದ ಹೊಡೆತಕ್ಕೆ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸವೆದುಹೋಗುತ್ತದೆ, ಹೊಳಪು ನಿಲ್ಲುತ್ತದೆ. ರೇಡಿಯಂ-226 ಅರ್ಧಕ್ಕೆ ಇಳಿಯಲು ಮಾತ್ರ 1,600 ವರ್ಷ ಬೇಕು. ಅಂದರೆ ಕತ್ತಲಾದ ಆ ಡಯಲ್ 1940ರ ದಶಕದಲ್ಲಿ ಎಷ್ಟು ಕಿರಣ ಸೂಸುತ್ತಿತ್ತೋ ಇವತ್ತೂ ಹೆಚ್ಚುಕಡಿಮೆ ಅಷ್ಟೇ ಸೂಸುತ್ತದೆ.

ಗ್ಲಾಸ್, ಮುಚ್ಚಳ ಭದ್ರವಾಗಿದ್ದರೆ ಅಪರೂಪಕ್ಕೆ ಕಟ್ಟುವುದರಿಂದ ತಗಲುವ ಪ್ರಮಾಣ ಕಡಿಮೆ. ಅಪಾಯ ಇರುವುದು ಬಿಚ್ಚುವಾಗ. ಒಣಗಿದ ಬಣ್ಣ ಪುಡಿಯಾಗಿ ಉಸಿರಿನ ಜೊತೆ, ಊಟದ ಕೈ ಜೊತೆ ಒಳಗೆ ಹೋದರೆ ಎಲುಬಿನಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಸುಮಾರು ನೂರು ವರ್ಷದ ಹಿಂದೆ ಡಯಲ್‌ಗೆ ಬಣ್ಣ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಅವರ ದವಡೆಯ ಎಲುಬು ಕೊಳೆತು ಎಷ್ಟೋ ಜನ ಸತ್ತರು. ಹಾಗಾಗಿ ಮನೆಯಲ್ಲಿ ಬಿಚ್ಚಬೇಡಿ. ಮುಳ್ಳಿನ ಬಣ್ಣ ಕೆರೆದು ಹೊಸದು ಹಚ್ಚುತ್ತೇನೆ ಅನ್ನುವವರಿಗೂ ಕೊಡಬೇಡಿ. ಅವರ ಆರೋಗ್ಯವೂ ಮುಖ್ಯ. ಹಾಸ್ಟೆಲ್ಲಿಗೆ ಹೋಗುವ ಹುಡುಗನಿಗೆ ದಿನದ ವಾಚಾಗಿ ಇದು ಖಂಡಿತ ಬೇಡ.

ಗುರುತು: ಮುಳ್ಳು ಬಹಳ ದಿನ ಒಂದೇ ಕಡೆ ನಿಂತಿದ್ದ ಜಾಗದಲ್ಲಿ ಡಯಲ್ ಮೇಲೆ ಮುಳ್ಳಿನ ಆಕಾರದ ಕಂದು ನೆರಳು ಸುಟ್ಟಂತೆ ಇದ್ದರೆ ರೇಡಿಯಂ ಅಂತಲೇ ತಿಳಿಯಿರಿ. 1960ರ ದಶಕದ ನಂತರದ ಸೈನ್ಯದ ವಾಚುಗಳಲ್ಲಿ ಡಯಲ್ ಮೇಲೆ ಇಂಗ್ಲಿಷಿನ ಟಿ ಅಕ್ಷರ ಅಥವಾ ಎಚ್-3 ಗುರುತು ಇದ್ದರೆ ಅದು ಟ್ರಿಟಿಯಂ, ಅಂದರೆ ಕಿರಣ ಸೂಸುವ ಹೈಡ್ರೋಜನ್. 12.3 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದು ಈಗ ಬಹುಪಾಲು ತೀರಿದೆ. ಇವತ್ತಿನ ವಾಚುಗಳ ಸೂಪರ್ ಲೂಮಿನೋವಾ ಬೆಳಕು ಕುಡಿದು ಬಿಡುವ ಬಣ್ಣ ಮಾತ್ರ, ಕಿರಣದ ಭಯವಿಲ್ಲ. ಹತ್ತು ನಿಮಿಷ ಬಿಸಿಲಿಗೆ ಹಿಡಿದರೆ ಮೊದಲ ಅರ್ಧ ಗಂಟೆ ಜೋರು, ಆಮೇಲೆ ಮಂದ. ಇನ್ನೊಂದು ವಿಷಯ, ರಾತ್ರಿ ನೋಡುವ ಕನ್ನಡಕ ಹಾಕಿ ಹಾರುವವರಿಗೆ ಅತಿ ಹೊಳಪಿನ ಡಯಲ್ಲೇ ಕಣ್ಣಿಗೆ ಹೊಡೆಯುತ್ತದೆ. ಜೋರಾಗಿ ಹೊಳೆದಷ್ಟೂ ಒಳ್ಳೆಯ ಪೈಲಟ್ ವಾಚ್ ಅನ್ನುವ ಲೆಕ್ಕ ತಪ್ಪು.

ಬ್ಯಾಲೆನ್ಸ್ ವೀಲ್, ಬಾಗಲಕೋಟೆ

ಫೋನಿನ ಮಾತು ಖರೇ ಅದ. ಫೋನಿನ ಸ್ಪೀಕರ್, ಪರ್ಸಿನ ಗುಂಡಿ, ಟ್ಯಾಬ್ಲೆಟ್ ಕವರ್, ಎಲ್ಲಾದ್ರಾಗೂ ಕಾಂತ ಇರ್ತದ. ಹೇರ್‌ಸ್ಪ್ರಿಂಗ್ ಸುತ್ತು ಒಂದಕ್ಕೊಂದು ಹತ್ತಿ ಗಿಡ್ಡ ಆದಂಗ ಆಗಿ ವಾಚ್ ಒಮ್ಮೆಲೆ ದಿನಕ್ಕ ಎರಡು, ಐದು ನಿಮಿಷ ಮುಂದ ಓಡಾಕ ಹತ್ತತದ. ಕಾಂತ ತಡಿಯೋ ವಾಚಿಗೆ ಐಎಸ್‌ಒ 764 ಅಂತ ಮಾನದಂಡ ಅದ. ಮೀಟರಿಗೆ 4,800 ಆಂಪಿಯರ್ ಕ್ಷೇತ್ರದಾಗ ಇಟ್ಟು ತಗದ್ರೂ ದಿನಕ್ಕ 30 ಸೆಕೆಂಡಿಗಿಂತ ಹೆಚ್ಚು ಫರಕು ಬರಬಾರದು. ಕಬ್ಬಿಣದ ಡಬ್ಬಿ ಇಲ್ಲದ ಎಚ್‌ಎಂಟಿಯಿಂದ ಅಷ್ಟು ಬಯಸಬ್ಯಾಡ್ರಿ.

ಸಣ್ಣ ದಿಕ್ಸೂಚಿ ತೊಗೊಂಡು ವಾಚಿನ ಬ್ಯಾಲೆನ್ಸ್ ಇರೋ ಜಾಗದ ಮ್ಯಾಲ ಮೆಲ್ಲಕ ಸರಿಸ್ರಿ. ಸೂಜಿ ನಡುಗಿದ್ರ ಅಥವಾ ತಿರುಗಿದ್ರ ಕಾಂತ ಹಿಡದದ. ಡಿಮ್ಯಾಗ್ನೆಟೈಸರ್ ಮ್ಯಾಲ ವಾಚ್ ಇಟ್ಟು ಗುಂಡಿ ಒತ್ತಿ, ಒತ್ತಿಕೊಂಡೇ ವಾಚನ್ನ ಮೆಲ್ಲಕ ಎರಡು ಅಡಿ ದೂರ ತರ್ರಿ, ಆಮ್ಯಾಲ ಗುಂಡಿ ಬಿಡ್ರಿ. ಹತ್ತಿರ ಇದ್ದಾಗಲೇ ಗುಂಡಿ ಬಿಟ್ರ ಮೊದಲಿಗಿಂತ ಜಾಸ್ತಿ ಕಾಂತ ತುಂಬ್ತದ. ಮುಳ್ಳಿನ ಕ್ವಾರ್ಟ್ಜ್ ವಾಚಿಗೆ ಇದು ಬೇಕಿಲ್ಲ. ಕಾಂತದ ಹತ್ತಿರ ನಿಲ್ತದ, ದೂರ ತಂದ್ರ ಮತ್ತ ಓಡ್ತದ. ಟೈಮ್ ಅಷ್ಟೇ ತಿದ್ದಬೇಕು.

ಸೆಕೆಂಡ್ ಮುಳ್ಳು, ಬೆಳಗಾವಿ

ಹುಡುಗನ ವಿಷಯಕ್ಕ ಬಂದ್ರ ನನ್ನ ಸಲಹೆ ಎರಡು ವಾಚು. ಡ್ರಿಲ್, ಓಟ, ಈಜು, ಹಗ್ಗ ಹತ್ತೋದು ಇವಕ್ಕೆಲ್ಲಾ ಕ್ಯಾಸಿಯೊ ಜಿ-ಶಾಕ್ ಡಿಡಬ್ಲ್ಯು-5600 ಥರದ ಚೌಕ ಡಿಜಿಟಲ್ ವಾಚ್. ಪೆಟ್ಟು ತಡೀತದ, 200 ಮೀಟರ್ ನೀರಿನ ಒತ್ತಡ ತಡೀತದ, ಸ್ಟಾಪ್‌ವಾಚ್ ಅದ. 46 ಮಿ.ಮೀ.ದ್ದು ಅಂಗಿ ತೋಳಿಗೆ ಸಿಕ್ಕೋತದ, ಬ್ಯಾಡ. ಅದರ ಜೋಡಿ ಅಸಲಿ ಕರೀ ಡಯಲ್ಲಿನ ಎಚ್‌ಎಂಟಿ ಪೈಲಟ್ ಒಂದು, ಪೂರ್ತಿ ಸರ್ವಿಸ್ ಮಾಡಿಸಿ.

ಪೈಲಟ್‌ಗೆ ಚರ್ಮದ ಬೆಲ್ಟ್ ಹಾಕಬ್ಯಾಡ್ರಿ, ನಮ್ಮ ಬೆವರಿಗೆ ಒಂದೇ ಬ್ಯಾಸಿಗ್ಯಾಗ ನಾರ್ತದ. ನೈಲಾನಿನ ಒಂದೇ ತುಂಡಿನ ಬೆಲ್ಟ್, 18 ಮಿ.ಮೀ. ಬ್ರಿಟಿಷ್ ಸೈನ್ಯ 1973ರಾಗ ಮಾಡಿದ ನಮೂನಿ ಅದು, ಅವರದ್ದು 20 ಮಿ.ಮೀ. ಇತ್ತು. ವಾಚಿನ ಕೆಳಗ ಹಾದು ಹೋಗ್ತದ, ಹಿಂಗಾಗಿ ಒಂದು ಕಡಿ ಸ್ಪ್ರಿಂಗ್ ಕಡ್ಡಿ ಮುರಿದ್ರೂ ಇನ್ನೊಂದು ಕಡಿಗೆ ವಾಚ್ ಜೋತುಬಿದ್ದು ಉಳೀತದ. ಹಾಕೋವಾಗ ಹಳೇ ಸ್ಪ್ರಿಂಗ್ ಕಡ್ಡಿ ಎರಡೂ ಬದಲಿಸ್ರಿ. ಹಾಕಿದ ಮ್ಯಾಲ ಬೆಲ್ಟ್ ಹಿಡದು ಜಗ್ಗಿ, ಎರಡೂ ಬದಿ ತುದಿ ತೂತಿನ್ಯಾಗ ಕೂತಾವೋ ಇಲ್ಲೋ ನೋಡ್ರಿ.